‘ನೋ ವುಮನ್, ನೋ ಕ್ರೈ’: ಒಂದು ಸಾಲನ್ನು ಬಿಡಿಸಿದ ಬಗೆ

“ಅಕ್ಕಾ, ಹೆಂಗಸರೇ ಇಲ್ಲದಿದ್ರೆ ಅಳೋದೂ ಇರಲ್ಲ ಅಂತಾನಾ ಇವನು?”

ತಂಗಿ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ನಾನೂ ಹಾಗೇ ಅರ್ಥ ಮಾಡಿಕೊಂಡು, ಮನಸ್ಸಿಗೆ ಬೇಸರವಾಗಿ, ಬಾಬ್ ಮಾರ್ಲಿಯ ಆ ಹಾಡು ಕೇಳುವುದನ್ನೇ ಬಿಟ್ಟಿದ್ದೆ. ಆವತ್ತು ಇಬ್ಬರೂ ಕೂತು ಸಾಲನ್ನು ಬಿಡಿಸಿದೆವು. ಬೇರೆ ಹಾಡುಗಳಿಗೂ ಇದೇ ದಾರಿ ಹಿಡಿಯಬಹುದು.

ಮೊದಲು, ತಪ್ಪು ಅರ್ಥ ಎಲ್ಲಿಂದ ಬಂತು ಅಂತ ಹುಡುಕಿ. ‘ನೋ ವರ್ಕ್, ನೋ ಪೇ’ ಥರದ ಮಾತು ನಮ್ಮ ಕಿವಿಗೆ ರೂಢಿಯಾಗಿದೆ. ಹಾಡಿನ ಹೆಸರಿನ ನಡುವೆ ಅಲ್ಪವಿರಾಮವೂ ಇದೆ. ಹೀಗಾಗಿ ‘ಅದಿಲ್ಲ ಅಂದ್ರೆ ಇದೂ ಇಲ್ಲ’ ಅಂತಲೇ ಕೇಳಿಸುತ್ತದೆ. ಕಾಗದದ ಮೇಲೆ ಆ ನಾಲ್ಕು ಪದಗಳನ್ನು ಅಲ್ಪವಿರಾಮ ತೆಗೆದು ಬರೆಯಿರಿ. ಆಮೇಲೆ ಬೇರೆ ಬೇರೆ ಕಡೆ ನಿಲ್ಲಿಸಿ ಜೋರಾಗಿ ಓದಿ.

ಮುಂದಿನದು ಹಾಡುವವರ ಊರಿನ ಮಾತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮಾರ್ಲಿ ಜಮೈಕಾದವರು. ಅಲ್ಲಿನ ಜನ ಆಡುವ ಪಾಟ್ವಾದಲ್ಲಿ ಕ್ರಿಯಾಪದಕ್ಕೆ ಮುಂಚೆ ‘ನೋ’ ಬಂದರೆ ‘ಡೋಂಟ್’ ಅಂತ ಅರ್ಥವಾಗುತ್ತದೆ. ‘ನೋ ಕ್ರೈ’ ಅಂದರೆ ‘ಅಳಬೇಡ’. ಹಾಗಾದರೆ ‘ವುಮನ್’ ಅನ್ನುವುದು ಎದುರಿಗಿರುವವಳನ್ನು ಕರೆಯುವ ಮಾತು. ಇದು ಹೊಳೆದ ತಕ್ಷಣ ತಂಗಿ ಪೆನ್ಸಿಲ್ ತಗೊಂಡು ಬರೆದಳು: “ಬೇಡ ಕಣೇ, ಅಳಬೇಡ.” ಆ ‘ಕಣೇ’ ನೋಡಿ ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ಹೆಂಗಸರನ್ನು ದೂರುತ್ತಿದೆ ಅಂದುಕೊಂಡಿದ್ದ ಸಾಲು ಒಬ್ಬಳನ್ನು ಸಮಾಧಾನ ಮಾಡುತ್ತಿತ್ತು.

ಹೊಳೆದ ಅರ್ಥ ಸರಿಯೋ ಅಂತ ಹಾಡಿನ ಒಳಗೇ ಪರೀಕ್ಷೆ ಮಾಡಿ. ಇಲ್ಲಿ ಮುಂದೆ ‘ಡೋಂಟ್ ಷೆಡ್ ನೋ ಟಿಯರ್ಸ್’ ಅಂತ ಬರುತ್ತದೆ, ಅದೇ ಮಾತು ಬೇರೆ ಪದಗಳಲ್ಲಿ. ಸುತ್ತಲಿನ ಚಿತ್ರವೂ ಹೊಂದಬೇಕು. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬಡವರ ಬಡಾವಣೆ ಟ್ರೆಂಚ್‌ಟೌನ್, ಅಲ್ಲಿನ ‘ಗವರ್ಮೆಂಟ್ ಯಾರ್ಡ್’, ಅಂದರೆ ನಡುವೆ ಅಂಗಳವಿರುವ ಸರ್ಕಾರಿ ವಠಾರ. ರಾತ್ರಿಯೆಲ್ಲ ಉರಿಯುವ ಸೌದೆ, ಹಂಚಿ ಉಣ್ಣುವ ಮೆಕ್ಕೆಜೋಳದ ಗಂಜಿ, ದಾರಿಯಲ್ಲಿ ಕಳೆದುಹೋದ ಗೆಳೆಯರು. ಬಿಟ್ಟು ಹೊರಟವನು ಉಳಿದವಳಿಗೆ ಧೈರ್ಯ ಹೇಳುತ್ತಿದ್ದಾನೆ. ನಮ್ಮ ಹಳೆಯ ಅರ್ಥ ಇದರಲ್ಲಿ ಎಲ್ಲೂ ಕೂರುವುದಿಲ್ಲ.

ಒಂದೇ ಹಾಡಿನ ಎರಡು ಧ್ವನಿಮುದ್ರಣ ಇದ್ದರೆ ಎರಡನ್ನೂ ಕೇಳಿ. ಈ ಹಾಡು 1974ರ ‘ನ್ಯಾಟಿ ಡ್ರೆಡ್’ ಆಲ್ಬಮ್‌ನಲ್ಲಿದೆ. 1975ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಜನರ ಮುಂದೆ ಹಾಡಿದ್ದು ಇನ್ನೂ ನಿಧಾನ, ಏಳು ನಿಮಿಷದಷ್ಟು ಉದ್ದ. ಅದನ್ನು ಕೇಳುವಾಗ ಸಂತೈಸುವ ದನಿ ತಾನಾಗಿ ತಿಳಿಯುತ್ತದೆ.

ಎಲ್ಲ ಗೊಂದಲವೂ ಹೀಗೆ ಬಗೆಹರಿಯುವುದಿಲ್ಲ. ದಿ ಪೊಲೀಸ್ ತಂಡದ 1983ರ ‘ಎವ್ರಿ ಬ್ರೆತ್ ಯೂ ಟೇಕ್’ ಹಾಡಿನಲ್ಲಿ ‘ನಿನ್ನನ್ನು ನೋಡುತ್ತಿರುತ್ತೇನೆ’ ಅನ್ನುವ ಮಾತು ಪ್ರೀತಿಯ ಹಾಗೂ ಕೇಳಿಸುತ್ತದೆ, ಬೆನ್ನು ಬಿಡದ ಕಾವಲಿನ ಹಾಗೂ ಕೇಳಿಸುತ್ತದೆ. ಬರೆದ ಸ್ಟಿಂಗ್ ಅವರೇ ಅದರೊಳಗಿನ ಭಯದ ಬಗ್ಗೆ ಹೇಳಿದ್ದಾರೆ. ಅಲ್ಲಿ ಪ್ರತಿ ಪದವೂ ನೇರವಾಗಿಯೇ ಇದೆ, ಎರಡು ಅರ್ಥ ಇರುವುದು ಭಾವದಲ್ಲಿ. ಇಂಥ ಕಡೆ ಒಂದನ್ನು ಹೊಡೆದುಹಾಕಬೇಡಿ, ಎರಡನ್ನೂ ಪಕ್ಕಪಕ್ಕ ಬರೆದಿಡಿ. ನಮ್ಮ ಕಾಗದದಲ್ಲಿ ‘ಕಣೇ’ ಕೆಳಗೆ ಇವೆರಡೂ ಹಾಗೇ ಇವೆ.