ಜಪಾನಿ ರೆಸ್ಟೋರೆಂಟ್‌ನಲ್ಲಿ ಆರಾಮಾಗಿ ಊಟ ಮಾಡೋರಿಗೆ ಒಂದಿಷ್ಟು ಸಲಹೆ

ಹರಟುತ್ತಾ ನಿಧಾನವಾಗಿ ಊಟ ಮಾಡಬೇಕು ಅಂತಿದ್ದರೆ ಆಫೀಸಿನವರ ಗಲಾಟೆ ಮುಗಿದ ಮೇಲೆ ಹೋಗಿ. ಆದರೆ ಮಧ್ಯಾಹ್ನದ ಆರ್ಡರ್ ಎಷ್ಟು ಹೊತ್ತಿನವರೆಗೆ ತಗೋತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಆಮೇಲೆ ಸಂಜೆವರೆಗೂ ಬಾಗಿಲು ಹಾಕುವ ಕಡೆಗಳಿವೆ.

ಮೆನುವಿನಲ್ಲಿ 'ತೇಶೊಕು' ಕಂಡರೆ ಯೋಚನೆ ಮಾಡದೆ ಅದನ್ನೇ ಹೇಳಿ. ಒಂದೇ ಟ್ರೇನಲ್ಲಿ ಅನ್ನ, ಮಿಸೋ (ಹುದುಗಿಸಿದ ಸೋಯಾ ಪೇಸ್ಟ್) ಸೂಪ್, ಉಪ್ಪಲ್ಲಿ ನೆನೆಸಿದ ತರಕಾರಿ, ಜೊತೆಗೊಂದು ಮುಖ್ಯ ಪದಾರ್ಥ ಬರುತ್ತೆ. ನಿಧಾನದ ಊಟಕ್ಕೆ ಹೇಳಿ ಮಾಡಿಸಿದಂತಿರುತ್ತೆ. ಮಾತು ಜಾಸ್ತಿ ಇರೋ ದಿನ ರಾಮೆನ್ ಮಾತ್ರ ಬೇಡ, ಬಿಸಿ ಸೂಪಿನಲ್ಲಿ ನೂಡಲ್ಸ್ ಬೇಗ ಮೆತ್ತಗಾಗಿ ರುಚಿ ಕೆಡುತ್ತೆ.

ಸಸ್ಯಾಹಾರಿಗಳು ದಯವಿಟ್ಟು ಇದನ್ನು ಗಮನಿಸಿ. "ಮೀನು ಇಲ್ಲ ತಾನೆ?" ಅಂತ ಕೇಳಿದರೆ ಸಾಲದು. "ದಾಶಿ ಯಾವುದರಿಂದ ಮಾಡಿದ್ದು?" ಅಂತಲೇ ಕೇಳಿ. ದಾಶಿ ಅಂದರೆ ಅಡುಗೆಗೆ ಬಳಸುವ ತಿಳಿ ಸಾರು. ಮಿಸೋ ಸೂಪ್, ಉಡೊನ್ (ದಪ್ಪ ಗೋಧಿ ನೂಡಲ್ಸ್), ಟೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದ ತಿನಿಸು) ಜೊತೆ ಕೊಡುವ ಸಾಸ್, ಎಲ್ಲದರ ತಳಹದಿ ಈ ದಾಶಿ. ಸಾಮಾನ್ಯವಾಗಿ ಒಣಗಿಸಿ ಹೊಗೆ ಹಾಕಿದ ಬೊನಿಟೋ ಮೀನಿನಿಂದ ತೆಗೆಯುತ್ತಾರೆ. ಬಟ್ಟಲಲ್ಲಿ ಬರೀ ತೋಫು ಕಂಡರೂ ಒಳಗೆ ಮೀನಿನ ರಸ ಇರಬಹುದು. ಕೊಂಬು ಅನ್ನೋ ಕಡಲಕಳೆ ಅಥವಾ ಶಿಟಾಕೆ ಅಣಬೆಯ ದಾಶಿ ಆದರೆ ತೊಂದರೆಯಿಲ್ಲ. ಅನ್ನದ ಒಳಗೆ ಸೌತೆಕಾಯಿ ಇಟ್ಟು ಸುತ್ತಿದ ಕಪ್ಪಾ ಮಾಕಿ ರೋಲೂ ಒಳ್ಳೇ ಆಯ್ಕೆ.

ಸುಶಿ (ಅನ್ನದ ಉಂಡೆ ಮೇಲೆ ಮೀನಿನ ತುಂಡು) ತಿನ್ನೋರು ಮೀನಿನ ಬದಿಯನ್ನಷ್ಟೇ ಸೋಯಾ ಸಾಸ್‌ಗೆ ತಾಗಿಸಿ. ಅನ್ನ ಅದ್ದಿದರೆ ಸಾಸ್ ಹೀರಿ ಉದುರಿಹೋಗುತ್ತೆ, ಉಪ್ಪೂ ವಿಪರೀತ. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ, ಜಪಾನಿನಲ್ಲಿ ಅದು ಸಾವಿನ ಮನೆಯ ಪದ್ಧತಿ. ಕೈಗೆ ಒಗ್ಗದಿದ್ದರೆ ಚಮಚ ಕೇಳಿ, ಕೊಡುತ್ತಾರೆ.