ಕಬ್ಬಿಣದ ಒಲೆಗೆ ಅಡ್ಡತಗಡು ಮತ್ತು ಪಟ್ಟಿ: ನನ್ನ ಅನುಭವ

ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವವರೆಗೂ ಬಿಡದ ಮೂಡಿಗೆರೆ ಸೀಮೆಯಲ್ಲಿ ಒಲೆ ಬೇಕಾಗುವುದು ಅಡುಗೆಗೆ ಮಾತ್ರವಲ್ಲ. ತೋಟದಿಂದ ಬಂದವರ ಕಂಬಳಿ, ಮಕ್ಕಳ ಯೂನಿಫಾರಂ, ಗೋಣಿಚೀಲ ಎಲ್ಲವೂ ಬೆಂಕಿಯ ಕಾವಿನಲ್ಲೇ ಒಣಗಬೇಕು. ನಮ್ಮ ಮನೆಯ ಹಿಂಬದಿಯ ಪಡಸಾಲೆಯಲ್ಲಿ ಇದಕ್ಕೆಂದೇ 4 ಮಿ.ಮೀ. ಕಬ್ಬಿಣದ ಶೀಟಿನ ಪೆಟ್ಟಿಗೆ ಒಲೆಯೊಂದಿದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಈ ಒಲೆಗೆ ಮೇಲ್ಭಾಗದ ಹಿಂತುದಿಯಿಂದ ಹೊರಟು ಹೆಂಚಿನ ಮಾಡನ್ನು ದಾಟುವ 5 ಅಂಗುಲ ವ್ಯಾಸದ ಹೊಗೆ ಕೊಳವೆಯಿದೆ. ಸೌದೆ ಧಾರಾಳವಾಗಿ ಉರಿಯುತ್ತಿತ್ತು, ಕೊಳವೆಯ ಬುಡವೂ ಸುಡುತ್ತಿತ್ತು, ಆದರೆ ಹಗ್ಗದ ಮೇಲಿನ ಬಟ್ಟೆ ಮಾತ್ರ ಮರುದಿನವೂ ಹಸಿಯಾಗಿಯೇ ಇರುತ್ತಿತ್ತು.

ಹೊಸ ಒಲೆ ತರುವ ಬದಲು ಇರುವುದನ್ನೇ ಸುಧಾರಿಸಲು ಹೊರಟಾಗ ನಾನು ಮೊದಲು ಮಾಡಿದ್ದು ಅಳೆಯುವ ಕೆಲಸ. ದೂರದಿಂದ ಹಿಡಿದು ನೋಡುವ ಥರ್ಮಾಮೀಟರಿನಲ್ಲಿ ಕೊಳವೆಯ ಬುಡದ ಹೊರಮೈ 300 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ, ಒಲೆಯ ಪಕ್ಕದ ಮೈಗಳು 200ರ ಆಸುಪಾಸಿನಲ್ಲಿರುತ್ತಿದ್ದವು. ಒಳಗೆ ಹರಿಯುವ ಹೊಗೆ ಕೊಳವೆಯ ಹೊರಮೈಗಿಂತಲೂ ಬಹಳ ಹೆಚ್ಚು ಬಿಸಿಯಿರುತ್ತದೆ. ಎಂದರೆ ಜ್ವಾಲೆ ಒಲೆಯೊಳಗೆ ತಂಗದೆ ನೇರವಾಗಿ ಹಿಂಬದಿಯ ತೂತಿಗೆ ಓಡುತ್ತಿತ್ತು, ನಾವು ಮಾಡಿನ ಮೇಲಿನ ಆಕಾಶವನ್ನು ಕಾಯಿಸುತ್ತಿದ್ದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ, ಮೂರು ಪಾತ್ರೆ ಕೂರುವ ಅಸ್ತ್ರ ಒಲೆಯಲ್ಲಿಯೂ ಬಿಸಿ ಹೊಗೆಯನ್ನು ಹೊರಗೆ ಬಿಡುವ ಮುನ್ನ ಒಂದೊಂದೇ ಪಾತ್ರೆಯ ಅಡಿಯಲ್ಲಿ ಹಾಯಿಸಿ ದುಡಿಸಿಕೊಳ್ಳುತ್ತಾರೆ. ನನಗೂ ಬೇಕಾಗಿದ್ದದ್ದು ಅದೇ, ಪಾತ್ರೆಯ ಜಾಗದಲ್ಲಿ ಒಲೆಯ ಗೋಡೆ.

ಆದ್ದರಿಂದ ಮೊದಲ ಸೇರ್ಪಡೆ ಒಳಗಿನ ಅಡ್ಡತಗಡು. ಗುಜರಿ ಅಂಗಡಿಯಲ್ಲಿ ಸಿಕ್ಕ 6 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟನ್ನು ಒಲೆಯ ಅಗಲಕ್ಕೆ ಕತ್ತರಿಸಿ, ಮೇಲ್ಛಾವಣಿಯಿಂದ ಮೂರು ಅಂಗುಲ ಕೆಳಗೆ, ಹಿಂಗೋಡೆಗೆ ತಾಗುವಂತೆ ಮಲಗಿಸಿ, ಮುಂಬದಿಯಲ್ಲಿ ಎರಡೂವರೆ ಅಂಗುಲದ ಸಂದು ಬಿಟ್ಟೆ. ಈಗ ಜ್ವಾಲೆ ಹಿಂದಕ್ಕೆ ಹೋಗಲಾರದೆ ಬಾಗಿಲಿನ ಕಡೆಗೆ ತಿರುಗಿ, ತಗಡಿನ ಮೇಲೇರಿ, ಒಲೆಯ ಮೇಲ್ಮೈಯನ್ನು ಉದ್ದಕ್ಕೂ ಸವರಿಕೊಂಡು ಕೊಳವೆ ಸೇರಬೇಕು. ಸಂದಿನ ಅಳತೆಯನ್ನು ಅಂದಾಜಿಗೆ ಬಿಡಬಾರದು. 5 ಅಂಗುಲದ ಕೊಳವೆಯ ಬಾಯಿ ಸುಮಾರು 20 ಚದರ ಅಂಗುಲ. 12 ಅಂಗುಲ ಅಗಲದ ಒಲೆಯಲ್ಲಿ ಎರಡೂವರೆ ಅಂಗುಲದ ಸಂದು 30 ಚದರ ಅಂಗುಲ. ಹೊಗೆ ಹಾಯುವ ದಾರಿ ಎಲ್ಲಿಯೂ ಕೊಳವೆಯ ಬಾಯಿಗಿಂತ ಕಿರಿದಾಗದಿದ್ದರೆ ಬಾಗಿಲು ತೆರೆದಾಗ ಹೊಗೆ ಮನೆಯೊಳಗೆ ನುಗ್ಗುವುದಿಲ್ಲ.

ತಗಡನ್ನು ವೆಲ್ಡ್ ಮಾಡದೆ, ಎರಡೂ ಪಕ್ಕಕ್ಕೆ ಹಿಡಿಸಿದ ಆಂಗಲ್ (L ಆಕಾರದ ಕಬ್ಬಿಣ) ತುಂಡುಗಳ ಮೇಲೆ ಸಡಿಲವಾಗಿ ಕೂರಿಸಿದ್ದೇನೆ. ಅರ್ಧ ಮೀಟರ್ ಉದ್ದದ ಕಬ್ಬಿಣ 600 ಡಿಗ್ರಿಗೆ ಕಾದಾಗ ನಾಲ್ಕು ಮಿ.ಮೀ.ಗೆ ಸಮೀಪ ಹಿಗ್ಗುತ್ತದೆ. ಅದಕ್ಕೆ ಜಾಗವಿಲ್ಲದಿದ್ದರೆ ತಗಡು ಸೊಟ್ಟಗಾಗುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ.

ಈ ಒಂದೇ ತಗಡಿನಿಂದ ಕೊಳವೆಯ ಬುಡ 220 ಡಿಗ್ರಿಯ ಹತ್ತಿರಕ್ಕೆ ಇಳಿದು, ಪಕ್ಕದ ಮೈಗಳು 250ಕ್ಕೆ ಏರಿದವು. ಐವತ್ತು ಡಿಗ್ರಿಯಿಂದ ಏನಾದೀತು ಎಂದು ತೋರಬಹುದು. ಆದರೆ ಕಾದ ಮೈಯಿಂದ ಹೊಮ್ಮುವ ವಿಕಿರಣ ನಿರಪೇಕ್ಷ ತಾಪಮಾನದ (ಸೆಲ್ಸಿಯಸ್‌ಗೆ 273 ಕೂಡಿಸಿದ ಲೆಕ್ಕ) ನಾಲ್ಕನೇ ಘಾತದಂತೆ ಏರುವುದರಿಂದ, 200ರಿಂದ 250ಕ್ಕೆ ಹೋದಾಗ ಅದು ಸುಮಾರು ಒಂದೂವರೆ ಪಟ್ಟಾಗುತ್ತದೆ. ಉಳಿದ ಏನನ್ನೂ ಮಾಡಲು ಅನುಕೂಲವಿಲ್ಲದವರು ಇಷ್ಟನ್ನು ಮಾಡಿಕೊಂಡರೂ ಸಾಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಹೊರಮೈಯ ಪಟ್ಟಿಗಳು. 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, 40 ಮಿ.ಮೀ. ಅಂತರದಲ್ಲಿ, ಎರಡೂ ಪಕ್ಕಕ್ಕೆ ಲಂಬವಾಗಿ ಬೆಸೆಯಲಾಯಿತು. ವೆಲ್ಡಿಂಗ್ ಶಾಪಿನವರು ನಕ್ಕು, “ಏನ್ ಗೌಡ್ರೇ, ಒಲೆಗೆ ಬುಲೆಟ್ ಎಂಜಿನ್ ಕೂರಿಸ್ತಿದ್ದೀರಾ?” ಎಂದರು. ಬುಲೆಟ್ ಬೈಕಿನ ಎಂಜಿನ್ನಿನ ಮೈಮೇಲಿನ ಪಟ್ಟಿಗಳಂತೆ ಇವೂ ಕಾವನ್ನು ಗಾಳಿಗೆ ಬಿಡುವುದಕ್ಕೇ ಇರುವುದರಿಂದ ನಾನು ಅಲ್ಲಗಳೆಯಲಿಲ್ಲ. ಪಟ್ಟಿ ಲಂಬವಾಗಿಯೇ ಇರಬೇಕು. ಕಾದ ಗಾಳಿ ಮೇಲಕ್ಕೇರುವಾಗ ಪಟ್ಟಿಗಳ ನಡುವೆ ಹರಿದು ಕೆಳಗಿನಿಂದ ತಣ್ಣನೆಯ ಗಾಳಿಯನ್ನು ಸೆಳೆಯುತ್ತದೆ, ಅಡ್ಡವಾಗಿ ಹಾಕಿದರೆ ಆ ಹರಿವು ಕಟ್ಟಿಹೋಗುತ್ತದೆ. ಲೆಕ್ಕಕ್ಕೆ ಗಾಳಿಗೆ ತಾಗುವ ಮೈ ಮೂರು ಪಟ್ಟಾಯಿತು, ಕಾವು ಮಾತ್ರ ಹಾಗೆ ಮೂರು ಪಟ್ಟಾಗುವುದಿಲ್ಲ. ಪಟ್ಟಿಯ ತುದಿ ಬುಡಕ್ಕಿಂತ ತಣ್ಣಗಿರುತ್ತದೆ, ಅಕ್ಕಪಕ್ಕದ ಪಟ್ಟಿಗಳು ತಮ್ಮ ವಿಕಿರಣವನ್ನು ಒಂದಕ್ಕೊಂದು ಹಿಂದಿರುಗಿಸುತ್ತವೆ. ಕಾವು ದಾಟುವುದು ಬೆಸುಗೆಯ ಮೂಲಕವೇ ಆದುದರಿಂದ ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಎರಡೂ ಬದಿಗೆ ಉದ್ದುದ್ದ ಬೆಸುಗೆ ಬೇಕು. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಅಗ್ಗಕ್ಕೆ ಸಿಕ್ಕಿದರೂ ನಾನು ಕೊಳ್ಳಲಿಲ್ಲ, ಅದು ಸಾದಾ ಕಬ್ಬಿಣದ ಮೂರನೆಯ ಒಂದು ಭಾಗದಷ್ಟೂ ಶಾಖವನ್ನು ಸಾಗಿಸುವುದಿಲ್ಲ.

ಹಿಂಬದಿಯ ಗೋಡೆಯ ಕಡೆಗೆ ಹಳೆಯ ಡ್ರಮ್ಮಿನ ತಗಡನ್ನು ಬಿಡಿಸಿ, ಒಲೆಯಿಂದ ಎರಡು ಅಂಗುಲ ದೂರದಲ್ಲಿ, ಕೆಳಗೂ ಮೇಲೂ ತೆರೆದಿರುವಂತೆ ನಿಲ್ಲಿಸಿದೆ. ನಡುವಿನ ಸಂದಿನಲ್ಲಿ ಕಾದ ಗಾಳಿ ನೇರವಾಗಿ ಬಟ್ಟೆಯ ಹಗ್ಗದತ್ತ ಏಳುತ್ತದೆ. ಡ್ರಮ್ಮಿನ ಬಣ್ಣವನ್ನು ಅಂಗಳದಲ್ಲೇ ಸುಟ್ಟು ತೆಗೆಯಬೇಕು, ತೋಟಕ್ಕೆ ಹೊಡೆಯುವ ಔಷಧಿ ತುಂಬಿದ್ದ ಡ್ರಮ್ಮನ್ನಂತೂ ಮುಟ್ಟಲೇಬಾರದು. ಜಿ.ಐ. (ಸತು ಲೇಪಿಸಿದ ಕಬ್ಬಿಣ) ತಗಡು, ಜಿ.ಐ. ಪೈಪುಗಳನ್ನು ಒಲೆಯ ಹತ್ತಿರಕ್ಕೂ ತರಬೇಡಿ. ಸತು 420 ಡಿಗ್ರಿಗೆ ಕರಗುತ್ತದೆ, ಇನ್ನೂ ಹೆಚ್ಚು ಕಾದರೆ ಅಥವಾ ವೆಲ್ಡ್ ಮಾಡಿದರೆ ಏಳುವ ಹೊಗೆ ಜ್ವರ ತರಿಸುತ್ತದೆ.

ಇಷ್ಟಾದ ಮೇಲೆ ಕೊಳವೆಯ ಒಳಗೂ ಏನಾದರೂ ತಡೆ ಕೂರಿಸಿ ಉಳಿದ ಕಾವನ್ನೂ ಹಿಂಡಬಹುದಲ್ಲ ಎಂದು ಹಲವರು ಕೇಳಿದರು. ನಾನು ಬೇಡವೆಂದೆ. ಒಲೆ ಗಾಳಿ ಎಳೆಯುವುದೇ ಕೊಳವೆಯ ಹೊಗೆ ಬಿಸಿಯಾಗಿರುವುದರಿಂದ. ಹೊಗೆ ಸುಮಾರು 120 ಡಿಗ್ರಿಗಿಂತ ತಣ್ಣಗಾದರೆ ಡಾಂಬರಿನಂಥ ಜಿಗುಟು ಕೊಳವೆಯ ಒಳಗೋಡೆಗೆ ಕಟ್ಟಿಕೊಂಡು, ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ಮಾಡಿನ ರೀಪುಗಳು ಕೊಳವೆಗೆ ಅಷ್ಟು ಹತ್ತಿರವಿರುವ ನಮ್ಮಂಥ ಮನೆಗಳಲ್ಲಿ ಇದು ಬೇಡದ ಅಪಾಯ. ಇದೇ ಕಾರಣಕ್ಕೆ ಹಸಿ ಸೌದೆಯನ್ನೂ ನಾನು ಹಾಕುವುದಿಲ್ಲ. ಸೌದೆಯಲ್ಲಿರುವ ಪ್ರತಿ ಲೀಟರ್ ನೀರನ್ನು ಆವಿಯಾಗಿಸಲು 540 ಕಿಲೋಕ್ಯಾಲರಿ ವ್ಯಯವಾಗುತ್ತದೆ, ಅದೂ ಆ ನೀರನ್ನು ಕುದಿಯುವವರೆಗೆ ಕಾಯಿಸುವ ಲೆಕ್ಕವನ್ನು ಬಿಟ್ಟು. ಕಿತ್ತ ಕಾಫಿ ಗಿಡದ ಬೊಡ್ಡೆ, ಸಿಲ್ವರ್ ಓಕ್ ಕೊಂಬೆ ಯಾವುದಾದರೂ ಸರಿ, ಒಂದು ಬೇಸಿಗೆ ಪೂರ್ತಿ ಒಣಗಿ ಸೌದೆಕೊಟ್ಟಿಗೆ ಸೇರಿರಬೇಕು. ಬೆಂಕಿಯಿರುವಷ್ಟು ಹೊತ್ತು ಪಡಸಾಲೆಯ ಒಂದು ಕಿಟಕಿಯನ್ನು ಬೆರಳಗಲ ತೆರೆದಿಡುತ್ತೇವೆ. ಏಕೆಂದರೆ ಇದ್ದಿಲಿನಿಂದ ಏಳುವ ವಿಷಾನಿಲಕ್ಕೆ (ಕಾರ್ಬನ್ ಮಾನಾಕ್ಸೈಡ್) ವಾಸನೆಯಿಲ್ಲ.

ಅಡ್ಡತಗಡಿನ ಬೆನ್ನ ಮೇಲೆ ಹಾರುಬೂದಿ ಕೂತು ದಾರಿ ಕಟ್ಟುವುದರಿಂದ ವಾರಕ್ಕೊಮ್ಮೆ ಉದ್ದ ಹಿಡಿಯ ಕೆರೆಗೋಲಿನಿಂದ ಎಳೆದು ತೆಗೆಯುತ್ತೇನೆ. ತಗಡು ನಡುವೆ ಕೆಳಕ್ಕೆ ಬಾಗಿರುವುದು ಕಂಡಾಗ ಮಗುಚಿ ಕೂರಿಸುತ್ತೇನೆ. ಮುಂದಿನ ಅಂಚು ಪುಡಿಯುದುರುವಷ್ಟು ತೆಳ್ಳಗಾದ ಮೇಲೆ ಗುಜರಿ ಅಂಗಡಿಗೆ ಹೋಗಿ ಇನ್ನೊಂದು ತುಂಡು ತಂದರಾಯಿತು.