ಉಂಬಳದ ಕತೆಯಿಂದ ಶುರು ಮಾಡಿ

ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಆರನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಕರೆದರೆ ಎದ್ದು ನಿಲ್ಲುವಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಪ್ರಬಂಧ ಕೊಟ್ಟರೆ ಗೈಡ್‌ನಲ್ಲಿ ಇದ್ದದ್ದನ್ನೇ ಇಳಿಸುತ್ತಿದ್ದಳು. ಜುಲೈ ಮಳೆಯಲ್ಲಿ ಒಂದು ದಿನ, ಕಾಲಿಗೆ ಹತ್ತಿದ ಉಂಬಳವನ್ನು, ಅಂದರೆ ರಕ್ತ ಹೀರುವ ಜಿಗಣೆಯನ್ನು, ಸುಣ್ಣ ಮುಟ್ಟಿಸಿ ಬಿಡಿಸುತ್ತಾ ಕೂತಿದ್ದಳು. "ಇದನ್ನೇ ಬರಿ. ನಂಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಬರಿ" ಅಂದೆ. ಹನ್ನೊಂದು ಸಾಲು ಬರೆದಳು. ಅಜ್ಜಿಯ ಎಲೆಯಡಿಕೆ ಸಂಚಿಯಿಂದ ಸುಣ್ಣ ಕದಿಯುವುದೂ ಅದರಲ್ಲಿತ್ತು.

ಮಕ್ಕಳು ಧೈರ್ಯವಾಗಿ ತಮ್ಮದೇ ಮಾತಲ್ಲಿ ಬರೆಯಲಿ ಅಂತ ಅವತ್ತಿನಿಂದ ನಾನು ಹಿಡಿದ ದಾರಿ ಇದು. ಮನೆಯಲ್ಲೂ ಮಾಡಬಹುದು.

ಮಗುವಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದನ್ನು ಕೇಳಿ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನನ್ನು ಹೇಗೆ ಹಿಡಿಯುತ್ತೀರಿ? ಅಡಿಕೆ ಸುಲಿಯುವ ರಾತ್ರಿ ಯಾರು ಜಾಸ್ತಿ ಮಾತಾಡುತ್ತಾರೆ? ಕರೆಂಟ್ ಹೋಗಿ ಮೂರು ದಿನ ಆದರೆ ಮನೆಯಲ್ಲಿ ಏನೇನಾಗುತ್ತದೆ? 'ಮಲೆನಾಡಿನ ಸೊಬಗು' ಅಂತ ಮಾತ್ರ ಕೊಡಬೇಡಿ. ಅದಕ್ಕೆ ಮಕ್ಕಳು ಬೇರೆಯವರ ಮಾತು ತರುತ್ತಾರೆ. ಹತ್ತು ನಿಮಿಷ ಸಾಕು. ಮಾರ್ಕ್ಸ್ ಇಲ್ಲದ ಒಂದು ನೋಟ್‌ಬುಕ್ ಬೇರೆ ಇಡಿ.

ಕೆಂಪು ಪೆನ್ನು ದೂರ ಇರಲಿ. ಇದನ್ನು ನಾನು ತಡವಾಗಿ ಕಲಿತೆ. ಅಪ್ಪ ಅಡಿಕೆ ಕೊನೆ ತೆಗೆಯಲು ಮರ ಹತ್ತಿದರೆ ತಾನು ಕೆಳಗೆ ಉಸಿರು ಹಿಡಿದು ನಿಲ್ಲುತ್ತೇನೆ ಅಂತ ಹಿಂದೊಮ್ಮೆ ಒಬ್ಬ ಹುಡುಗ ಬರೆದಿದ್ದ. ನಾನು ಒತ್ತಕ್ಷರದ ತಪ್ಪುಗಳಿಗೆ ಸುತ್ತು ಹಾಕಿ ವಾಪಸ್ ಕೊಟ್ಟೆ. ಆ ಸಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನು ಮತ್ತೆ ಅಪ್ಪನ ಬಗ್ಗೆ ಬರೆಯಲೇ ಇಲ್ಲ. ಈಗಲೂ ನೆನೆದರೆ ನೋವಾಗುತ್ತದೆ.

"ಅಪ್ಪ ಇಳಿದು ಬಂದ್ಮೇಲೆ ಏನಂತೀಯ?" ಅಂತ ಕೇಳಬೇಕಿತ್ತು. ಉತ್ತರ ಮಗುವಿನ ಹತ್ತಿರ ಮಾತ್ರ ಇರುವ ಪ್ರಶ್ನೆ ಅದು. ಅಷ್ಟು ಹೊತ್ತು ಮಗುವೇ ಮೇಷ್ಟ್ರು, ನೀವು ಕಲಿಯುವವರು. ಧೈರ್ಯ ಚಿಗುರುವುದು ಅಲ್ಲೇ. ಕಾಗುಣಿತ ಮಾರನೇ ದಿನಕ್ಕಿರಲಿ. ಬರೆದದ್ದನ್ನು ನಿಧಾನಕ್ಕೆ ಓದಲು ಹೇಳಿ, ಎಷ್ಟೋ ತಪ್ಪು ಅವರೇ ಹಿಡಿಯುತ್ತಾರೆ. ಉಳಿದದ್ದರಲ್ಲಿ ಎರಡು ತೋರಿಸಿ, ಸಾಕು.

ತುಳು, ಕೊಂಕಣಿ, ಬ್ಯಾರಿ, ಲಂಬಾಣಿ, ಮನೆಮಾತು ಯಾವುದೇ ಇರಲಿ, ಅದರ ಪದ ಬಂದರೆ ಹೊಡೆದು ಹಾಕಬೇಡಿ. ನಮ್ಮ ಮಾತಲ್ಲಿ ಬರೆದರೆ ಏನು ಬಂತು ಅನ್ನುವವರಿಗೆ ನಾನು ಕುಪ್ಪಳಿ ತೋರಿಸುತ್ತೇನೆ. ಅಲ್ಲಿ ಬೆಳೆದ ಕುವೆಂಪು ಶುರುವಿನಲ್ಲಿ ಇಂಗ್ಲಿಷ್ ಕವಿತೆ ಬರೆಯುತ್ತಿದ್ದರು. ಆಮೇಲೆ ಕನ್ನಡಕ್ಕೆ ಬಂದರು, ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನೂ ತಂದರು, 1967ರದ್ದು. ಆದರೆ ಕುಪ್ಪಳಿಯ ಕವಿಶೈಲದ ಬಂಡೆ ಮೇಲೆ ಮಕ್ಕಳನ್ನು ಕೂರಿಸಿದಾಗ ಪ್ರಶಸ್ತಿ ಮಾತು ಜಾಸ್ತಿ ಬೇಡ. ಸುಮ್ನೆ ಕಿವಿಗೆ ಬಿದ್ದದ್ದನ್ನು ಬರೆಯಲಿ.

ಓದಿ ಹೇಳುವುದು ಮೊದಲು ಒಬ್ಬರಿಗೆ. ಬಚ್ಚಲೊಲೆ ಮುಂದೆ ಅಮ್ಮನಿಗೋ ಅಜ್ಜಿಗೋ. ಆಮೇಲೆ ಪಕ್ಕದಲ್ಲಿ ಕೂರುವ ಗೆಳತಿಗೆ. ಕ್ಲಾಸಿಗೆ ಓದುವುದು ಅವರೇ ಕೇಳಿದಾಗ. ಬೇಡ ಅಂದರೆ ಬಲವಂತ ಬೇಡ.

ನಮ್ಮ ಹುಡುಗಿಗೆ ಎರಡು ತಿಂಗಳು ಹಿಡಿಯಿತು. ಕೂತಲ್ಲೇ, ತಲೆ ತಗ್ಗಿಸಿ ಓದಿದಳು. ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಸುಣ್ಣ ಇಲ್ದಿದ್ರೆ ಏನ್ ಮಾಡೋದು?"

ತಲೆ ಎತ್ತಿದಳು. "ಉಪ್ಪು" ಅಂದಳು, ಇಡೀ ಕ್ಲಾಸಿಗೆ ಕೇಳುವ ಹಾಗೆ.